ಬಸೂನ್ ನುಡಿಸುವವಳಿಗೆ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಜಾಗ ಎಲ್ಲಿ?

ಕೊನೆಸಾಲಿನವಳು

ಎಲ್ಲರಿಗೂ ನಮಸ್ಕಾರ. ನನಗೆ 15 ವರ್ಷ. ಐದನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದೆ, ಆಮೇಲೆ ನ್ಯೂಜೆರ್ಸಿ. ಈಗ ಅಪ್ಪನ ಕೆಲಸ ಬದಲಾಗಿ ಡಲ್ಲಾಸ್ ಹತ್ತಿರ ಬಂದಿದ್ದೇವೆ. ಕಾಗುಣಿತ ತಪ್ಪಿದ್ದರೆ ಅಮ್ಮನಿಗೆ ಬೈಯಿರಿ, ತಿದ್ದಿದ್ದು ಅವಳೇ.

ನಾನು ಬಸೂನ್ ನುಡಿಸುತ್ತೇನೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಸುಮಾರು ನಾಲ್ಕೂವರೆ ಅಡಿ ಎತ್ತರದ ಮರದ ಕೊಳವೆ. ಒಳಗಿನ ದಾರಿ ಕೆಳಗೆ ಹೋಗಿ ತಿರುಗಿ ಮೇಲೆ ಬರುತ್ತದೆ, ನೇರ ಮಾಡಿದರೆ ಎಂಟು ಅಡಿ. ಪಕ್ಕದಿಂದ ಬಾಗಿದ ಲೋಹದ ನಳಿಗೆ ಒಂದು ಬರುತ್ತದೆ, ಅದಕ್ಕೆ ಬೋಕಲ್ ಅಂತಾರೆ. ಅದರ ತುದಿಗೆ ಎರಡು ಪದರದ ರೀಡ್, ಅಂದರೆ ಬಾಯಲ್ಲಿಟ್ಟು ಊದೋ ಜೊಂಡಿನ ಪಟ್ಟಿ. ನಮ್ಮ ಓಲಗದ ಜಾತಿಯೇ, ಆದರೆ ಕುಳಿತು ನುಡಿಸೋದು.

ನ್ಯೂಜೆರ್ಸಿಯ ಶಾಲೆಯಲ್ಲಿ ಮಾರ್ಚಿಂಗ್, ಅಂದರೆ ಮೈದಾನದಲ್ಲಿ ನಡೆಯುತ್ತಾ ನುಡಿಸೋದು, ಇಷ್ಟ ಇದ್ದವರಿಗೆ ಮಾತ್ರ ಇತ್ತು. ಒಂಬತ್ತನೇ ಕ್ಲಾಸ್ ಪೂರ್ತಿ ನಾನು ಕೂತು ನುಡಿಸೋ ಕಾನ್ಸರ್ಟ್ ಬ್ಯಾಂಡ್‌ನಲ್ಲಿ ಆರಾಮಾಗಿ ಇದ್ದೆ. ಇಲ್ಲಿ ಹಾಗಲ್ಲ. ಕಾನ್ಸರ್ಟ್ ಬ್ಯಾಂಡ್ ಬೇಕು ಅಂದರೆ ಮಾರ್ಚಿಂಗ್ ಮಾಡಲೇಬೇಕು, ಆದರೆ ಬಸೂನ್ ಮೈದಾನಕ್ಕೆ ತರೋ ಹಾಗಿಲ್ಲ! ಡೈರೆಕ್ಟರ್ ಮೂರು ದಾರಿ ಹೇಳಿದ್ದಾರೆ. ಪಿಟ್‌ನಲ್ಲಿ (ಮೈದಾನದ ಅಂಚಿನಲ್ಲಿ ನಿಂತು ನುಡಿಸುವವರ ಗುಂಪು) ಸಿಂಬಲ್, ಗಾಂಗ್ ಬಾರಿಸೋದು. ಕಲರ್ ಗಾರ್ಡ್ ಸೇರಿ ಬಾವುಟ ತಿರುಗಿಸೋದು. ಇಲ್ಲವಾದರೆ ಈ ರಜೆಯಲ್ಲಿ ಬ್ಯಾರಿಟೋನ್ ಸ್ಯಾಕ್ಸ್ (ದೊಡ್ಡ ಸ್ಯಾಕ್ಸೋಫೋನ್) ಕಲಿಯೋದು. ಶುಕ್ರವಾರದೊಳಗೆ ಹೇಳಬೇಕು.

ನಾಲ್ಕು ವರ್ಷ ಕಲಿತದ್ದನ್ನು ಪೆಟ್ಟಿಗೆಯಲ್ಲಿಟ್ಟು ಆಗಸ್ಟ್‌ನಿಂದ ನವೆಂಬರ್‌ವರೆಗೆ ಗಾಂಗ್ ಬಾರಿಸಬೇಕಾ? ಅಮ್ಮ ಬ್ಯಾಂಡೇ ಬಿಡು ಅಂತಿದ್ದಾಳೆ. ಯಾರಾದರೂ ಇದನ್ನು ದಾಟಿ ಬಂದವರು ಇದ್ದೀರಾ?

ಪ್ಲೇನೋ_ಅಮ್ಮ

ಪುಟ್ಟಿ, ಮೊದಲು ಗಾಬರಿ ಬಿಡು. ನನ್ನ ಮಗ ಇಲ್ಲಿ ಮೂರು ವರ್ಷದಿಂದ ಟ್ರಂಪೆಟ್. ನಿಮ್ಮ ಅಮ್ಮನಿಗೆ ಇಷ್ಟು ಹೇಳು: ಟೆಕ್ಸಸ್‌ನಲ್ಲಿ ಮಾರ್ಚಿಂಗ್ ಬ್ಯಾಂಡ್ ಮಾಡಿದರೆ ಪಿ.ಇ. (ವ್ಯಾಯಾಮದ ಕ್ಲಾಸ್) ಬದಲು ಕ್ರೆಡಿಟ್ ಸಿಗುತ್ತದೆ. ಶಾಲೆ ಶುರುವಾದ ಮೇಲೆ, ಕ್ಲಾಸಿನ ಸಮಯ ಬಿಟ್ಟು ವಾರಕ್ಕೆ 8 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸುವ ಹಾಗಿಲ್ಲ ಅಂತ ರಾಜ್ಯದ ನಿಯಮವೇ ಇದೆ. ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಪ್ರದರ್ಶನಕ್ಕೆ ಸೇರಿಸುವುದಿಲ್ಲ. ನಮ್ಮ ಮನೆಯವರಿಗೆ ಬ್ಯಾಂಡ್ ಬಗ್ಗೆ ಇಷ್ಟವಾದದ್ದು ಆ ನಿಯಮ ಒಂದೇ.

ಶಿವಮೊಗ್ಗ_ಮಳೆ

8 ಗಂಟೆಯೇ? ನಮ್ಮ ಮಗಳು ಶುಕ್ರವಾರ ರಾತ್ರಿ 11ಕ್ಕೆ ಮುಂಚೆ ಮನೆಗೆ ಬಂದದ್ದೇ ನೆನಪಿಲ್ಲ.

ಪ್ಲೇನೋ_ಅಮ್ಮ

ಫುಟ್‌ಬಾಲ್ ಆಟಕ್ಕೆ ಬ್ಯಾಂಡ್ ಹೋಗಿ ನುಡಿಸೋದು ಆ ಲೆಕ್ಕದಲ್ಲಿ ಬರಲ್ಲ. ಶಾಲೆ ಶುರುವಾಗೋ ಮುಂಚಿನ ಬ್ಯಾಂಡ್ ಕ್ಯಾಂಪೂ ಬರಲ್ಲ. ನಾನು ಅಭ್ಯಾಸ ಅಂದೆ, ಸರಿಯಾಗಿ ಓದಿ.

ಹಳೇ_ಬಸೂನಿಗ

ಕೊನೆಗೂ ಇಲ್ಲಿ ನಮ್ಮ ಜಾತಿಯವರೊಬ್ಬರು ಸಿಕ್ಕರು. ತಂಗಿ, ನಾನು ಮಿಷಿಗನ್‌ನಲ್ಲಿ ಹೈಸ್ಕೂಲ್ ಓದಿದವನು, ನಾಲ್ಕೂ ವರ್ಷ ಬಸೂನ್. ಈಗ ವಯಸ್ಸು 31. ನನಗೂ ಇದೇ ಪ್ರಶ್ನೆ ಬಂದಿತ್ತು, ನಾನು ಸಿಂಬಲ್ ಹಿಡಿದೆ.

ಬ್ಯಾಂಡ್ ಕ್ಯಾಂಪಿನ ಮೊದಲ ದಿನ ವಾದ್ಯ ಮುಟ್ಟಿಸಲೇ ಇಲ್ಲ. ಬರೀ ನಡಿಗೆ. ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಒಂದೊಂದು ಹೆಜ್ಜೆ 22.5 ಇಂಚು. ಹಿಮ್ಮಡಿ ಊರಿ, ಪಾದ ಉರುಳಿಸಿ, ಸೊಂಟದ ಮೇಲೆ ಏನೂ ಅಲುಗಾಡಬಾರದು. ನಾನು ಹುಟ್ಟಿದಾಗಿನಿಂದ ನಡೆದದ್ದೆಲ್ಲ ತಪ್ಪು ಅಂತ ಅವತ್ತು ಗೊತ್ತಾಯಿತು. ಆಮೇಲೆ ಸಣ್ಣ ಪುಸ್ತಕ ಕೊಟ್ಟರು. ಮೈದಾನದ ಗಜದ ಗೆರೆಯಿಂದ ಎಷ್ಟು ಹೆಜ್ಜೆ, ಮುಂದಿನ ಅಂಚಿನಿಂದ ಎಷ್ಟು ಹೆಜ್ಜೆ ಅಂತ ನಿನ್ನ ಜಾಗ ಅದರಲ್ಲಿ ಬರೆದಿರುತ್ತದೆ. ಅದಕ್ಕೆ ಡಾಟ್ ಅಂತಾರೆ. ಡಾಟ್ ತಪ್ಪಿದರೆ ಟ್ಯೂಬಾ ಅನ್ನೋ ದೊಡ್ಡ ಹಿತ್ತಾಳೆ ವಾದ್ಯ ಹೊತ್ತವನು ನಿನ್ನ ಮೇಲೇ ಹತ್ತಿಕೊಂಡು ಹೋಗುತ್ತಾನೆ. ಅವನದೂ ತಪ್ಪಿಲ್ಲ, ಅವನಿಗೆ ಏನೂ ಕಾಣಿಸಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಎಲ್ಲರಿಗಿಂತ ಮುಂದೆ ಇದ್ದೆ. ಎಣಿಸೋದು. ಬಸೂನಿನವರಿಗೆ ಸುಮ್ಮನೆ ಕೂತು 40 ಬಾರ್ (ತಾಳದ ಸುತ್ತು) ಎಣಿಸೋದು ಅಭ್ಯಾಸ ಅಲ್ವಾ? ಸಿಂಬಲ್‌ನ ಕೆಲಸವೂ ಅದೇ. ಎಣಿಸು, ಎಣಿಸು, ಎಣಿಸು, ಒಂದು ಏಟು, ಮತ್ತೆ ಎಣಿಸು.

ಆದರೆ ನಾನು ಮಾಡಿದ ತಪ್ಪು ನೀನು ಮಾಡಬೇಡ. ಮೂರು ತಿಂಗಳು ಬಸೂನ್ ಪೆಟ್ಟಿಗೆ ತೆರೆಯಲೇ ಇಲ್ಲ. ನವೆಂಬರ್‌ನಲ್ಲಿ ಊದಿದರೆ ಎರಡು ನಿಮಿಷಕ್ಕೆ ತುಟಿ ನಡುಗಿ ಬಿಟ್ಟುಕೊಟ್ಟಿತು. ರೀಡ್ ಒಂದಕ್ಕೆ ಬೂಷ್ಟು ಬಂದಿತ್ತು. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ರೀಡ್ ಹಾಗೇ ಇಟ್ಟಿದ್ದೆ, ನನ್ನ ಕರ್ಮ.

ಲೆಕ್ಕದ_ಮೇಷ್ಟ್ರು

ನನ್ನ ಅಭಿಪ್ರಾಯ ಯಾರಿಗೂ ಹಿಡಿಸಲಿಕ್ಕಿಲ್ಲ. ಯಾರಿಗೂ ಕೇಳಿಸದ ವಾದ್ಯಕ್ಕೆ ಇಷ್ಟೆಲ್ಲ ಯಾಕೆ? ಮೈಸೂರಿನ ಮಗು, ವೀಣೆ ಕಲಿಸಿ. ಹತ್ತನೇ ಕ್ಲಾಸಿನಲ್ಲಿ ಗಣಿತ ಮುಖ್ಯ.

ಪಿಟ್_ಪುಟ್ಟ

ಮೇಷ್ಟ್ರೇ, ವೀಣೆ ಹೊತ್ತು ಮಾರ್ಚ್ ಮಾಡೋದು ಇನ್ನೂ ಕಷ್ಟ.

ಶಿವಮೊಗ್ಗ_ಮಳೆ

ಯಾರಿಗೂ ಕೇಳಿಸದ ವಾದ್ಯ ಅನ್ನೋದಂತೂ ಸತ್ಯ. ಅಣ್ಣನ ಮಗ ಬಸೂನ್ ನುಡಿಸಿದ ಕಾರ್ಯಕ್ರಮಕ್ಕೆ ಹೋಗಿದ್ದೆ. ಮುಗಿದ ಮೇಲೆ "ಚೆನ್ನಾಗಿ ನುಡಿಸಿದೆ ಕಣೋ" ಅಂದೆ. ಅವನು "ಅತ್ತೆ, ನನ್ನ ರೀಡ್ ಒಡೆದಿತ್ತು, ಕೊನೆಯ ಹಾಡಿನಲ್ಲಿ ನಾನು ಊದಲೇ ಇಲ್ಲ" ಅಂದ.

ಕೊನೆಸಾಲಿನವಳು

ಅಯ್ಯೋ ಆಂಟಿ, ಇದು ನನ್ನದೇ ಕಥೆ 😂

ಕೇಳಿಸಲ್ಲ ಅನ್ನೋದಕ್ಕೆ ಕಾರಣ ಇದೆ. ಬ್ಯಾಂಡ್ ಸಂಗೀತದಲ್ಲಿ ನಮಗೆ ಬರೆಯೋದು ಬಹುಪಾಲು ಟ್ಯೂಬಾ, ಯೂಫೋನಿಯಂ, ಬ್ಯಾಸ್ ಕ್ಲಾರಿನೆಟ್ ಥರದ ತಗ್ಗು ದನಿಯ ವಾದ್ಯಗಳು ನುಡಿಸೋ ಸಾಲೇ. ಅವರ ಮಧ್ಯೆ ನಾನೊಬ್ಬಳು. ಎಷ್ಟೋ ಶಾಲೆಗಳಲ್ಲಿ ಬಸೂನ್ ಇರೋದೇ ಇಲ್ಲ ಅಂತ ಬರೆಯುವವರಿಗೂ ಗೊತ್ತು. ಅದಕ್ಕೆ ನಮಗೆ ಒಂದು ಸೋಲೋ ಕೊಟ್ಟರೂ ಅದನ್ನೇ ಬೇರೆಯವರ ಹಾಳೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಬಸೂನ್ ಇಲ್ಲದಿದ್ದರೆ ನೀವು ನುಡಿಸಿ ಅಂತ. ಹೋದ ವರ್ಷ ನನಗೆ ಎಂಟು ಬಾರ್ ಸೋಲೋ ಸಿಕ್ಕಿತ್ತು. ಅಭ್ಯಾಸದ ಮೊದಲ ದಿನ ನಾನೂ ನುಡಿಸಿದೆ, ಯೂಫೋನಿಯಂ ಹುಡುಗನೂ ನುಡಿಸಿದ. ಡೈರೆಕ್ಟರ್ ನಿಲ್ಲಿಸಿ, "ಓ, ನಮ್ಮಲ್ಲಿ ಬಸೂನ್ ಇದೆ ಅಲ್ವಾ" ಅಂದರು. ಅದು ಜನವರಿ. ನಾನು ಸೆಪ್ಟೆಂಬರ್‌ನಿಂದ ಅಲ್ಲೇ ಕೂತಿದ್ದೆ.

ಬಂಟ್ವಾಳದ_ಭಾವ

ನನ್ನದೊಂದು ಡೌಟ್. ನಮ್ಮ ಕಡೆ ದೇವರ ಬಲಿ (ಉತ್ಸವಮೂರ್ತಿಯ ಮೆರವಣಿಗೆ) ಹೊರಟಾಗ, ಮದುವೆ ದಿಬ್ಬಣದಲ್ಲಿ ನಾಗಸ್ವರದವರು ಊದುತ್ತಾ ನಡೆಯುತ್ತಾರಲ್ಲ? ಅದೂ ಎರಡು ಪದರದ ರೀಡೇ. ಮೆಟ್ಟಿಲು ಹತ್ತುತ್ತಾರೆ, ಕೆಸರಲ್ಲೂ ನಡೆಯುತ್ತಾರೆ. ಅವರಿಗೆ ಆಗೋದು ಇವರಿಗೆ ಯಾಕೆ ಆಗಲ್ಲ? ಸುಮ್ನೆ ನಾಜೂಕು ಮಾಡ್ತಾರೆ ಅನ್ನಿಸುತ್ತದೆ.

ಹಳೇ_ಬಸೂನಿಗ

ಭಾವ, ಒಳ್ಳೆ ಪ್ರಶ್ನೆ. ಆದರೆ ನಾಗಸ್ವರ ನೇರ ಇದೆ, ಹಗುರ, ಎರಡೂ ಕೈ ಅದನ್ನೇ ಹಿಡಿದಿರುತ್ತವೆ, ತಲೆ ತಿರುಗಿದ ಕಡೆ ವಾದ್ಯವೂ ತಿರುಗುತ್ತದೆ. ಬಸೂನ್ ಮೂರು ಕೆ.ಜಿ.ಗಿಂತ ಜಾಸ್ತಿ. ಅದರ ಭಾರವನ್ನು ಕೈ ಹೊರೋದೇ ಇಲ್ಲ. ಕೆಳಗೆ ಒಂದು ಪಟ್ಟಿ ಸಿಕ್ಕಿಸಿ ಅದರ ಮೇಲೆ ಕೂರುತ್ತೇವೆ, ಪಟ್ಟಿಯೇ ವಾದ್ಯವನ್ನು ಎತ್ತಿ ಹಿಡಿಯುತ್ತದೆ. ಎಡ ಹೆಬ್ಬೆರಳು ಒಂದಕ್ಕೇ ಎಂಟೊಂಬತ್ತು ಕೀ. ಹಿಡಿದುಕೊಳ್ಳೋಕೆ ಬೆರಳೆಲ್ಲಿ ಉಳಿಯಿತು?

ಇನ್ನು ಬೋಕಲ್. ಅದು ಪಕ್ಕಕ್ಕೆ ಚಾಚಿ ಬಾಯಿಗೆ ಬರುತ್ತದೆ. ಹಿಂದಿನವನು ತಪ್ಪು ಹೆಜ್ಜೆ ಇಟ್ಟು ವಾದ್ಯಕ್ಕೆ ಗುದ್ದಿದ ಅಂತಿಟ್ಟುಕೊಳ್ಳಿ, ರೀಡ್ ನೇರ ಅಂಗುಳಕ್ಕೇ ಚುಚ್ಚುತ್ತದೆ. ಬೋಕಲ್ ಬಗ್ಗಿದರೆ ನೂರಾರು ಡಾಲರ್ ಹೋಯಿತು. ಮೇಪಲ್ ಮರ, ಚರ್ಮದ ಪ್ಯಾಡು, ಮೇಲೆ ಟೆಕ್ಸಸ್‌ನ ಆಗಸ್ಟ್ ಬಿಸಿಲು. ಓಬೋ ಅಂತ ಎರಡು ಪದರದ ರೀಡಿನ ಇನ್ನೊಂದು ವಾದ್ಯ ಇದೆ, ಅವರದೂ ಇದೇ ಪಾಡು. ಅವರೂ ಪಿಟ್‌ಗೇ ಬಂದು ಬೀಳುತ್ತಾರೆ.

ಬಂಟ್ವಾಳದ_ಭಾವ

ಒಪ್ಪಿದೆ. ಆದರೆ ನಾಗಸ್ವರದವರದು ನಾಜೂಕಿನ ಕೆಲಸ ಅಲ್ಲ ಅಂತ ತಿಳಿಯಬೇಡಿ. ವಾದ್ಯಕ್ಕೇ ದಾರ ಕಟ್ಟಿ ನಾಲ್ಕೈದು ಹೆಚ್ಚಿನ ರೀಡ್ ನೇತುಹಾಕಿಕೊಂಡಿರುತ್ತಾರೆ, ನೋಡಿದ್ದೀರಾ? ಒಂದು ಕೈಕೊಟ್ಟರೆ ನಡುದಾರಿಯಲ್ಲೇ ಇನ್ನೊಂದು.

ಕೊನೆಸಾಲಿನವಳು

ಇದು ಸೂಪರ್! ನಾನೂ ಹಾಗೇ ಕಟ್ಟಿಕೊಳ್ತೀನಿ.

ಗ್ರಂಥಾಲಯದ_ಇಲಿ

ಬಸೂನ್ ಮಾರ್ಚ್ ಮಾಡೋಕೆ ಆಗೋದೇ ಇಲ್ಲ ಅನ್ನೋದು ಚರಿತ್ರೆಯ ಪ್ರಕಾರ ತಪ್ಪು. 18ನೇ ಶತಮಾನದ ಯುರೋಪಿನ ಸೇನಾ ಬ್ಯಾಂಡ್‌ಗಳಲ್ಲಿ ಓಬೋ, ಕ್ಲಾರಿನೆಟ್, ಹಾರ್ನ್ ಜೊತೆ ಬಸೂನ್ ಜೋಡಿಯೂ ಇರುತ್ತಿತ್ತು. ಕುತ್ತಿಗೆಗೋ ಭುಜಕ್ಕೋ ಪಟ್ಟಿ ಹಾಕಿ ನಡೆಯುತ್ತಿದ್ದರು. ಆಗ ಅದಕ್ಕೆ ಕೀಗಳು ಬೆರಳೆಣಿಕೆಯಷ್ಟು ಮಾತ್ರ, ಈಗಿನ ಹಾಗೆ ಕಬ್ಬಿಣದ ಅಂಗಡಿ ಅಲ್ಲ. ಆಮೇಲೆ ಜೋರು ದನಿಯ ಹಿತ್ತಾಳೆ ವಾದ್ಯಗಳು ಬಂದು ಇದನ್ನು ಒಳಗೆ ಕೂರಿಸಿದವು.

ಇನ್ನೊಂದು: ಇಟಲಿಯವರು ಇದಕ್ಕೆ ಫಗೊಟ್ಟೊ ಅಂತಾರೆ. ಆ ಮಾತಿಗೆ ಹೊರೆ, ಗಂಟು ಅಂತ ಅರ್ಥ. ನೋಡಿದರೆ ಸೌದೆ ಹೊರೆ ಥರವೇ ಇದೆ ಅಲ್ವಾ.

ಲೆಕ್ಕದ_ಮೇಷ್ಟ್ರು

ಸೌದೆ ಹೊರೆಯನ್ನು ಮಗು ಯಾಕೆ ಹೊರಬೇಕು, ಅದನ್ನೇ ನಾನೂ ಕೇಳಿದ್ದು.

ಗಾರ್ಡ್_ತಾಯಿ

ಎಲ್ಲರೂ ಬಾವುಟ ಹಿಡಿಯೋದು ಅಂತ ಸಸಾರ ಮಾಡ್ತಿದ್ದೀರಿ, ಅದಕ್ಕೆ ಬರೀತಿದ್ದೇನೆ. ನನ್ನ ಮಗಳು ಕಲರ್ ಗಾರ್ಡ್. ಆರಡಿ ಕೋಲನ್ನು ಗಾಳಿಯಲ್ಲಿ ಎಸೆದು, ತಾನು ಒಂದು ಸುತ್ತು ತಿರುಗಿ, ಓಡುತ್ತಾ ಹಿಡಿಯಬೇಕು. ಬಾವುಟ ಆಯಿತು ಅಂದರೆ ಮರದ ರೈಫಲ್. ಮೊದಲ ತಿಂಗಳು ಅವಳ ಮೊಣಕೈ ನೋಡಿ ಪಕ್ಕದ ಮನೆಯವರು "ಮನೆಯಲ್ಲಿ ಎಲ್ಲ ಸರಿ ಇದೆಯಾ" ಅಂತ ಕೇಳಿದ್ದರು. ಭರತನಾಟ್ಯ ಕಲಿತಿದ್ದು ಅವಳಿಗೆ ಬಹಳ ಅನುಕೂಲ ಆಯಿತು. ಪುಟ್ಟಿ, ನಿನಗೆ ಕುಣಿತ ಇಷ್ಟ ಇದ್ದರೆ ಮಾತ್ರ ಹೋಗು. ಬಸೂನ್ ತಪ್ಪಿತಲ್ಲ ಅನ್ನೋ ಸಿಟ್ಟಿನಲ್ಲಿ ಹೋಗಬೇಡ, ಬೆರಳು ಮುರಿದುಕೊಳ್ತೀಯ.

ಕೊನೆಸಾಲಿನವಳು

ಸಾರಿ ಆಂಟಿ. ಕೀಳಾಗಿ ಹೇಳಬೇಕು ಅಂತ ಇರಲಿಲ್ಲ. ನನಗೆ ಕುಣಿಯೋಕೆ ಬರಲ್ಲ. ದಾಂಡಿಯಾದಲ್ಲಿ ಒಬ್ಬರ ಕನ್ನಡಕ ಒಡೆದಿದ್ದೇನೆ.

ಬಂಟ್ವಾಳದ_ಭಾವ

ಹಾಗಾದರೆ ಸ್ಯಾಕ್ಸೇ ಸರಿ. ನಮ್ಮೂರಿನ ಕದ್ರಿ ಗೋಪಾಲನಾಥ್ ಅವರನ್ನು ನೆನೆಸಿಕೋ ಮಗಾ. ನಾಗಸ್ವರದ ಮನೆತನದಲ್ಲಿ ಹುಟ್ಟಿದವರು. ನಿಮ್ಮ ಮೈಸೂರಿನಲ್ಲೇ ಅರಮನೆ ಬ್ಯಾಂಡ್‌ನವರ ಸ್ಯಾಕ್ಸ್ ಕೇಳಿ ಮರುಳಾಗಿ ಅದನ್ನು ಹಿಡಿದರು, ಕರ್ನಾಟಕ ಸಂಗೀತ ಅದರಲ್ಲಿ ನುಡಿಸಿದರು. ಬ್ಯಾಂಡ್ ವಾದ್ಯ ಅಂತ ಮೂಗು ಮುರಿದವರೂ ಕೊನೆಗೆ ಮೊದಲ ಸಾಲಿನಲ್ಲಿ ಕೂತು ಕೇಳಿದರು. 2004ರಲ್ಲಿ ಪದ್ಮಶ್ರೀ.

ಶಿವಮೊಗ್ಗ_ಮಳೆ

ನನ್ನ ಮದುವೆಗೆ ಸ್ಯಾಕ್ಸೋಫೋನ್ ವಾದನ ಇಡಿಸಿದ್ದರು ಅಪ್ಪ. ಧಾರೆ ಹೊತ್ತಿಗೆ ಮಂತ್ರ ಯಾರಿಗೂ ಕೇಳಿಸಲಿಲ್ಲ. ಮದುವೆ ಆಗಿದೆಯೋ ಇಲ್ಲವೋ ಅಂತ ನಮ್ಮ ಯಜಮಾನರು ಈಗಲೂ ರಾಗ ಎಳೆಯುತ್ತಾರೆ.

ಪಿಟ್_ಪುಟ್ಟ

ಭಾವ, ಅದು ಆಲ್ಟೋ ಸ್ಯಾಕ್ಸ್. ಇವರು ಹೇಳಿರೋದು ಬ್ಯಾರಿ, ಅಂದರೆ ಬ್ಯಾರಿಟೋನ್. ಬ್ಯಾರಿ ಬಸೂನ್‌ಗಿಂತ ಭಾರ. ಅದನ್ನು ಕುತ್ತಿಗೆಗೆ ಹಾಕಿ 38 ಡಿಗ್ರಿ ಬಿಸಿಲಲ್ಲಿ ಹಿಂದಕ್ಕೆ ನಡೆದು ನೋಡಿ, ಆಮೇಲೆ ಮಾತಾಡೋಣ.

ಹಳೇ_ಬಸೂನಿಗ

ಭಾರ ನಿಜ, ಆದರೂ ಸ್ಯಾಕ್ಸ್‌ಗೆ ಒಂದು ಅನುಕೂಲ ಇದೆ. ಬಸೂನ್ ಹಾಳೆ ತಗ್ಗು ಸ್ವರ ಬರೆಯೋ ಬ್ಯಾಸ್ ಕ್ಲೆಫ್‌ನಲ್ಲಿರುತ್ತದೆ. ಅದೇ ಹಾಳೆಯನ್ನು ಎತ್ತರದ ಸ್ವರ ಬರೆಯೋ ಟ್ರೆಬಲ್ ಕ್ಲೆಫ್ ಅಂದುಕೊಂಡು, ಮೂರು ಶಾರ್ಪ್ (ಸ್ವರ ಏರಿಸೋ ಗುರುತು) ಸೇರಿಸಿ ಓದಿದರೆ ಬ್ಯಾರಿ ಸ್ಯಾಕ್ಸ್‌ನಲ್ಲಿ ಸರಿಯಾದ ಸ್ವರವೇ ಬರುತ್ತದೆ. ಗಣಿತ ಮೇಷ್ಟ್ರಿಗೆ ಇದು ಇಷ್ಟ ಆಗಬೇಕು.

ತುಟಿ ಮಾತ್ರ ಬೇರೆ ಥರ. ಸ್ಯಾಕ್ಸ್‌ನಲ್ಲಿ ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ ಕೂರುತ್ತದೆ. ಬಸೂನ್‌ನಲ್ಲಿ ಎರಡೂ ತುಟಿ ದಿಂಬಿನ ಹಾಗೆ. ದಿನಾ ಎರಡು ಗಂಟೆ ಸ್ಯಾಕ್ಸ್ ಊದಿ ಬಂದು ಬಸೂನ್ ಹಿಡಿದರೆ ಕಚ್ಚೋಕೆ ಶುರು ಮಾಡ್ತೀಯ. ಸ್ವರ ಏರುತ್ತದೆ, ದನಿ ಹಿಂಡುತ್ತದೆ. ಎರಡನ್ನೂ ಚೆನ್ನಾಗಿ ನುಡಿಸುವವರು ಇದ್ದಾರೆ. ನನಗೆ ಮಾತ್ರ ಆಗಿರಲಿಲ್ಲ.

ಪ್ಲೇನೋ_ಅಮ್ಮ

ಟೆಕ್ಸಸ್‌ನಲ್ಲಿ ಇನ್ನೊಂದು ತೊಡಕಿದೆ, ಯಾರೂ ಹೇಳಲಿಲ್ಲ. ರಾಜ್ಯದ ಆಯ್ದ ಮಕ್ಕಳ ಆಲ್-ಸ್ಟೇಟ್ ಬ್ಯಾಂಡ್‌ಗೆ ಮೊದಲ ಸುತ್ತಿನ ಆಡಿಷನ್ ಶುರುವಾಗೋದೂ ಮಾರ್ಚಿಂಗ್ ಸೀಸನ್ ಇರುವಾಗಲೇ. ನುಡಿಸಬೇಕಾದ ಪಾಠಗಳ ಪಟ್ಟಿ ಬೇಸಿಗೆಯಲ್ಲೇ ಬರುತ್ತದೆ. ಅಂದರೆ ಹಗಲು ಮೈದಾನದಲ್ಲಿ ಗಾಂಗ್, ರಾತ್ರಿ ಕೋಣೆಯಲ್ಲಿ ಬಸೂನ್. ಇದಕ್ಕೆ ಮನೆಯವರು ತಯಾರಿರಬೇಕು. ನಾನಂತೂ ಮಗನ ಟ್ರಂಪೆಟ್ ಹೊತ್ತಿಗೆ ವಾಕಿಂಗ್ ಹೋಗಿಬಿಡುತ್ತೇನೆ.

ಸಿಲಿಕಾನ್_ಸಿದ್ದ

ಕಾಲೇಜು ಸ್ಕಾಲರ್‌ಶಿಪ್‌ಗೆ ಬಸೂನ್ ಚಿನ್ನದ ಗಣಿ ಅಂತ ಕೇಳಿದ್ದೇನೆ. ಬಿಡಬೇಡಿ.

ಹಳೇ_ಬಸೂನಿಗ

ಇದು ಅರ್ಧ ಸತ್ಯ. ನುಡಿಸುವವರು ಕಡಿಮೆ, ಹೌದು. ಆದರೆ ಕುರ್ಚಿಗಳೂ ಕಡಿಮೆ. ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ ಎರಡು ಬಸೂನ್, ಹೆಚ್ಚೆಂದರೆ ಮೂರು ನಾಲ್ಕು. ಆ ವರ್ಷ ಆ ಕಾಲೇಜಿನಲ್ಲಿ ಕುರ್ಚಿ ಖಾಲಿ ಇದ್ದರೆ ನಿನ್ನನ್ನು ಎತ್ತಿ ಕೂರಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಗಣಿ ನಂಬಿ ಸ್ವಂತ ವಾದ್ಯ ಕೊಂಡವರು ಹೊಸ ಕಾರಿನಷ್ಟು ದುಡ್ಡು ಸುರಿದಿದ್ದಾರೆ. ಹೈಸ್ಕೂಲ್ ಮುಗಿಯುವವರೆಗೂ ಶಾಲೆಯ ವಾದ್ಯವೇ ಸಾಕು.

ಶಿವಮೊಗ್ಗ_ಮಳೆ

ಮಧ್ಯೆ ಒಂದು ಪ್ರಶ್ನೆ. ಅಣ್ಣನ ಮಗ ನುಡಿಸಿದ ಮೇಲೆ ಒಳಗೆ ರೇಷ್ಮೆ ಬಟ್ಟೆ ಎಳೆದು ಒರೆಸುತ್ತಾನೆ. ಅದು ಬಹಳ ದುಬಾರಿಯಂತೆ. ನನ್ನ ಹಳೇ ಮೈಸೂರ್ ಸಿಲ್ಕ್ ಸೀರೆ ಕತ್ತರಿಸಿ ಕೊಡಬಹುದಾ?

ಕೊನೆಸಾಲಿನವಳು

ಆಂಟಿ ಬೇಡ!! ಅಮ್ಮ ಒಮ್ಮೆ ಹೀಗೇ ಮಾಡಿದ್ದಳು. ಅಂಚಿನ ಕಡೆ ದಪ್ಪ ಇತ್ತು, ಗಂಟಾಗಿ ವಾದ್ಯದ ಕಿರಿದಾದ ಭಾಗದಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ರಿಪೇರಿಯವರು ಒಂದು ವಾರ ಇಟ್ಟುಕೊಂಡರು. "ಇದರಲ್ಲಿ ಬಂಗಾರದ ದಾರ ಇದೆ, ಏನು ಇದು" ಅಂತ ಕೇಳಿದರು.

ಶಿವಮೊಗ್ಗ_ಮಳೆ

ಜರಿ ಸೀರೆ ಕತ್ತರಿಸಿದ ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿರ್ವಾಹಕ

ಸೀರೆ ವಿಷಯಕ್ಕೆ ಬೇರೆ ಎಳೆ ತೆರೆಯಿರಿ ದಯವಿಟ್ಟು.

ಪಿಟ್_ಪುಟ್ಟ

ವಿಷಯಕ್ಕೆ ಬರೋಣ. ನಾನು ಈಗ ಹನ್ನೊಂದನೇ ಕ್ಲಾಸ್, ಪಿಟ್‌ನಲ್ಲಿ ಎರಡನೇ ವರ್ಷ. ಪಿಟ್ ಅಂದರೆ ಬರೀ ಗಾಂಗ್ ಅಂದುಕೊಂಡಿದ್ದೀರಿ. ಮರಿಂಬಾ, ವೈಬ್ರಫೋನ್ ಅಂತ ಕೋಲಿನಿಂದ ಬಾರಿಸೋ ಪಟ್ಟಿಗಳ ವಾದ್ಯಗಳು, ಸಿಂಥ್ ಎಲ್ಲ ಇರುತ್ತದೆ. ಮೈದಾನದ ಮುಂದಿನ ಅಂಚಿನಲ್ಲಿ ನಿಂತೇ ನುಡಿಸೋದು, ಡಾಟ್ ಇಲ್ಲ. ಅದರ ಬದಲು ಚಕ್ರದ ಗಾಡಿಗಳನ್ನು ಹುಲ್ಲಿನ ಮೇಲೆ ತಳ್ಳಬೇಕು, ಅದು ಬೇರೆ ಕರ್ಮ. ಮಳೆ ಬಂದರೆ ಎಲ್ಲರೂ ಒಳಗೆ ಓಡುತ್ತಾರೆ, ನಾವು ಮರಿಂಬಾಕ್ಕೆ ಟಾರ್ಪಾಲು ಹೊದಿಸುತ್ತಾ ನೆನೆಯುತ್ತೇವೆ.

ಮರಿಂಬಾದ ಕೆಳಗಿನ ಸಾಲು ಬ್ಯಾಸ್ ಕ್ಲೆಫ್‌ನಲ್ಲಿರುತ್ತದೆ. ನಮ್ಮಲ್ಲಿ ಕೊಳಲು, ಕ್ಲಾರಿನೆಟ್‌ನಿಂದ ಬಂದವರಿಗೆ ಅದನ್ನು ಓದೋಕೇ ಬರಲ್ಲ. ನಿಮಗೆ ಬರುತ್ತದೆ. ಡೈರೆಕ್ಟರ್‌ಗೆ ಇದನ್ನು ಹೇಳಿ ನೋಡಿ.

ಇನ್ನೊಂದು, ಈಗಿನ ಪ್ರದರ್ಶನಗಳಲ್ಲಿ ಮುಂದೆ ಮೈಕ್ ಇಟ್ಟು ಒಬ್ಬರಿಂದ ಸೋಲೋ ನುಡಿಸೋದೂ ಉಂಟು. ಬಸೂನ್‌ಗೂ ಕೇಳಬಹುದು. ಬೈದರೆ ನನ್ನ ಹೆಸರು ಹೇಳಬೇಡಿ.

ಲೆಕ್ಕದ_ಮೇಷ್ಟ್ರು

ಈ ಹುಡುಗ ಮಾತ್ರ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ.

ಕೊನೆಸಾಲಿನವಳು *(ಆಗಸ್ಟ್ ಎರಡನೇ ವಾರ)*

ಎಲ್ಲರಿಗೂ ತಡವಾಗಿ ಥ್ಯಾಂಕ್ಸ್. ಬ್ಯಾಂಡ್ ಕ್ಯಾಂಪ್‌ನ ಎಂಟನೇ ದಿನ ಇವತ್ತು.

ಪಿಟ್ ಸೇರಿದೆ. ಬ್ಯಾಸ್ ಕ್ಲೆಫ್ ಓದಲು ಬರುತ್ತದೆ ಅಂತ ಹೇಳಿದ್ದೇ ತಡ, ಗಾಂಗ್‌ನಿಂದ ಎತ್ತಿ ಮರಿಂಬಾದ ಕೆಳಗಿನ ತುದಿಗೆ ನಿಲ್ಲಿಸಿದರು. ಪಕ್ಕದವಳು ಓಬೋದವಳು. ಮೊದಲ ದಿನ ಇಬ್ಬರೂ ಏನೂ ಮಾತಾಡಲಿಲ್ಲ, ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಪ್ಪನ ಹತ್ತಿರ "ಗಾಡಿ ತಳ್ಳೋಕೆ ಬಂದೆಯಾ ಅಮೆರಿಕಕ್ಕೆ" ಅಂತ ಅನ್ನಿಸಿಕೊಂಡೆ.

ಮೈಕ್ ಸೋಲೋ ಬಗ್ಗೆ ಕೇಳಿದೆ. ಡೈರೆಕ್ಟರ್ ಮೊದಲು ನಕ್ಕರು. ಆಮೇಲೆ ಶಾಲೆಯ ಪ್ಲಾಸ್ಟಿಕ್ ಬಸೂನ್ ಒಂದಿದೆ, ಸೆಪ್ಟೆಂಬರ್‌ನಲ್ಲಿ ನೋಡೋಣ ಅಂದರು. ನೋಡೋಣ ಅಂದರೆ ಬೇಡ ಅಂತ ಅಮ್ಮ. ನೋಡೋಣ ಅಂದರೆ ನೋಡೋಣ ಅಂತ ಅಪ್ಪ. ರಾತ್ರಿ ಅರ್ಧ ಗಂಟೆ ಬಸೂನ್ ಊದುತ್ತಿದ್ದೇನೆ. ರೀಡ್‌ಗಳನ್ನು ಗಾಳಿಯಾಡುವ ಡಬ್ಬಿಯಲ್ಲಿ ಇಟ್ಟಿದ್ದೇನೆ ಅಣ್ಣ, ಬೂಷ್ಟಿಲ್ಲ.

ಈಗ ಒಂದೇ ತೊಂದರೆ. ಮರಿಂಬಾ ಬಾರಿಸೋ ನಾಲ್ಕು ಕೋಲು ಹಿಡಿದು ಹಿಡಿದು ಬೆರಳ ಸಂದಿಯಲ್ಲೆಲ್ಲ ಬೊಬ್ಬೆ ಎದ್ದಿದೆ. ಅಜ್ಜಿ ವಿಡಿಯೋ ಕಾಲ್‌ನಲ್ಲಿ ಕೊಬ್ಬರಿ ಎಣ್ಣೆ ಹಚ್ಚು ಅಂತಿದ್ದಾರೆ. ಹಚ್ಚಿದರೆ ಕೋಲು ಜಾರುತ್ತದೆ. ಬೇರೆ ಏನಾದರೂ ಹೇಳಿ.

ಪಿಟ್_ಪುಟ್ಟ

ನುಡಿಸೋವಾಗ ಮೆಡಿಕಲ್ ಟೇಪ್ ಸುತ್ತಿ. ಎರಡು ವಾರದಲ್ಲಿ ಚರ್ಮ ಗಟ್ಟಿಯಾಗುತ್ತದೆ.

ಗಾರ್ಡ್_ತಾಯಿ

ಟೇಪ್ ಸರಿ. ರಾತ್ರಿ ಕೊಬ್ಬರಿ ಎಣ್ಣೆ.

ಶಿವಮೊಗ್ಗ_ಮಳೆ

ಕೊಬ್ಬರಿ ಎಣ್ಣೆನೇ ಕಣೇ.

ಲೆಕ್ಕದ_ಮೇಷ್ಟ್ರು

ಕೊಬ್ಬರಿ ಎಣ್ಣೆ. ಜೊತೆಗೆ ಚಿಟಿಕೆ ಅರಿಶಿನ.